ಪ್ರಾರ್ಥನೆ ಬಾರದ ದಿನಗಳು: ಕಾರವಾರದಿಂದ ಕೀಮೋಗೆ ಓಡಾಡಿದ್ದು

ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ರಾತ್ರಿಯೆಲ್ಲ ಮೊಬೈಲ್ ಹಿಡಿದು ಹುಡುಕುತ್ತಿದ್ದದ್ದು ಒಂದೇ. ನನ್ನ ಹಾಗೆ ಇಗರ್ಜಿಗೆ, ಅಂದರೆ ಚರ್ಚಿಗೆ ಹೋಗುವ, ನಮ್ಮ ಕಡೆಯ ಹೆಂಗಸು ಯಾರಾದರೂ ಇದನ್ನು ದಾಟಿ ಬಂದಿದ್ದನ್ನು ಬರೆದಿದ್ದಾರಾ ಅಂತ. ಸಿಕ್ಕಿದ್ದೆಲ್ಲ ಸಾಕ್ಷಿ ಹೇಳುವವರ ಮಾತು. ಪ್ರಾರ್ಥನೆ ಮಾಡಿದರು, ಗಂಟು ಕರಗಿತು, ಹಲ್ಲೆಲೂಯ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಂಟು ಕರಗದವರು ಏನು ಮಾಡಬೇಕು? ರೆಫರಲ್ ಚೀಟಿಗೆ ಯಾರನ್ನು ಕೇಳಬೇಕು? ಬಾಯಿ ತುಂಬ ಹುಣ್ಣಾದಾಗ ಪೂಜೆಯ ರೊಟ್ಟಿ, ಅಂದರೆ ಪರಮಪ್ರಸಾದ, ಹೇಗೆ ತೆಗೆದುಕೊಳ್ಳುವುದು? ದೇವರ ಮೇಲೆ ಸಿಟ್ಟು ಬಂದರೆ? ಇದನ್ನೆಲ್ಲ ಯಾರೂ ಬರೆದಿರಲಿಲ್ಲ. ಈಗ ಚಿಕಿತ್ಸೆ ಮುಗಿದು, ಮ್ಯಾಮೊಗ್ರಾಂ ರಿಪೋರ್ಟ್ ಕೈಗೆ ಬಂದಿದೆ. ಸದ್ಯಕ್ಕೆ ಏನೂ ಕಾಣಿಸುತ್ತಿಲ್ಲ ಅಂದಿದ್ದಾರೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

2024ರ ಈಸ್ಟರ್ ಮಾರ್ಚ್ 31ಕ್ಕೆ ಬಂದಿತ್ತು. ಹಬ್ಬದ ಗಡಿಬಿಡಿ ಮುಗಿದ ಮೇಲೆ ಒಂದು ದಿನ ಸ್ನಾನ ಮಾಡುವಾಗ ಎಡಗಡೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ನೋವಿರಲಿಲ್ಲ. ಅತ್ತೆಗೆ ಹೇಳಿದೆ, ನಾದಿನಿಗೆ ಹೇಳಿದೆ. ಇಬ್ಬರೂ "ನೋವಿಲ್ಲ ಅಲ್ವಾ, ಹಾಗಾದ್ರೆ ಏನೂ ಇರಲಿಕ್ಕಿಲ್ಲ" ಅಂದರು. ಇದನ್ನು ಓದುತ್ತಿರುವ ಹೆಂಗಸರಿಗೆ ಮೊದಲ ಮಾತು: ಈ ಕಾಯಿಲೆಯಲ್ಲಿ ಗಂಟು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ.

ಊರಲ್ಲೇ ಸ್ಕ್ಯಾನಿಂಗ್ ಆಯಿತು, ಸೂಜಿ ಹಾಕಿ ಬಯಾಪ್ಸಿ ತೆಗೆದರು. ರಿಪೋರ್ಟ್ ಬಂದ ದಿನವೇ ಎಲ್ಲ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಕ್ಯಾನ್ಸರ್ ಹೌದು ಅಂತ ಬಂದ ಮೇಲೆ ಅದೇ ತುಣುಕನ್ನು ಇನ್ನೊಂದು ಪರೀಕ್ಷೆಗೆ ಕಳಿಸುತ್ತಾರೆ. ಇ.ಆರ್., ಪಿ.ಆರ್., ಹರ್-2 ಅಂತ ಮೂರು ವಿಷಯ ನೋಡುತ್ತಾರೆ. ಮೊದಲೆರಡು ಹಾರ್ಮೋನಿಗೆ ಸಂಬಂಧಿಸಿದ್ದು, ಮೂರನೆಯದು ಒಂದು ಪ್ರೋಟೀನ್. ಯಾವ ಔಷಧಿ ಕೊಡಬೇಕು ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಅದಕ್ಕೆ ಮತ್ತೆ ಕಾಯುವುದು, ಮತ್ತೆ ದುಡ್ಡು. ಆ ಕಾಯುವ ದಿನಗಳೇ ಎಲ್ಲಕ್ಕಿಂತ ಕೆಟ್ಟವು. ಇನ್ನೊಂದು ವಿಷಯ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟ್ ಮಾತ್ರ ಒಯ್ದರೆ ಸಾಲದು. ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಅವನ್ನು ತರಲು ವಾಪಸ್ ಓಡಿಸುತ್ತಾರೆ.

ಕಾರವಾರದವರಿಗೆ ದೊಡ್ಡ ಕಾಯಿಲೆ ಅಂದರೆ ಮೊದಲ ಪ್ರಶ್ನೆ ಯಾವ ದಿಕ್ಕಿಗೆ ಹೋಗುವುದು ಅಂತ. ಗೋವಾದ ಬಾಂಬೋಳಿಯೋ, ಹುಬ್ಬಳ್ಳಿಯೋ, ಮಣಿಪಾಲ ಮಂಗಳೂರೋ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಮಗುಚಿ ಜನ ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಆಗ ದೊಡ್ಡ ಗಲಾಟೆಯೇ ಆಯಿತು. ಆ ಗಲಾಟೆಯಲ್ಲಿ ನಾನೂ ಸಹಿ ಹಾಕಿದ್ದೆ, ಬೇರೆಯವರಿಗೋಸ್ಕರ ಅಂದುಕೊಂಡು. ನಾವು ಉಡುಪಿ ಕಡೆಯ ಆಸ್ಪತ್ರೆ ಆರಿಸಿಕೊಂಡೆವು. ನನ್ನ ತಂಗಿ ಅಲ್ಲಿದ್ದಾಳೆ, ರೈಲು ಇದೆ. ಕೀಮೋ ಅಂದರೆ ತಿಂಗಳುಗಟ್ಟಲೆ ಓಡಾಟ. ಡಾಕ್ಟರ ಹೆಸರಿಗಿಂತ ಉಳಿಯಲು ಒಂದು ಮನೆ ಇರುವುದೂ ಮುಖ್ಯ.

ಇನ್ನು ಕಾಗದದ ವಿಷಯ. ನಮ್ಮದು ಬಿಪಿಎಲ್ ಕಾರ್ಡ್. ನಮ್ಮವರು ಬೈತಖೋಲ ಬಂದರಿನಿಂದ ಮೀನು ಸಾಗಿಸುವ ಗಾಡಿ ಓಡಿಸುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅದಕ್ಕೆ ಬಯಾಪ್ಸಿ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್, ಎಲ್ಲದರ ಝೆರಾಕ್ಸ್ ಜೊತೆ ರೋಗಿಯೇ ಹೋದರೆ ಒಳ್ಳೆಯದು.

ನಾನು ಸಿಕ್ಕಿಬಿದ್ದಿದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ತವರಿನ ಅಡ್ಡಹೆಸರು, ರೇಷನ್ ಕಾರ್ಡ್‌ನಲ್ಲಿ ಗಂಡನದ್ದು. ಅದೂ ಸಾಲದು ಅಂತ ಫರ್ನಾಂಡಿಸ್ ಅನ್ನುವುದನ್ನು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದರು. ಕೌಂಟರಿನ ಹುಡುಗ ಕಂಪ್ಯೂಟರ್‌ನಿಂದ ಮುಖ ಎತ್ತದೆ "ಇವರು ಬೇರೆ, ಅವರು ಬೇರೆ ಅಂತ ತೋರಿಸ್ತಾ ಇದೆ ಮೇಡಂ" ಅಂದ. ಇಗರ್ಜಿಯ ಮದುವೆ ಪತ್ರ ತೋರಿಸಿದೆ. ಅದು ನಡೆಯಲಿಲ್ಲ, ಸರ್ಕಾರಿ ನೋಂದಣಿ ಪತ್ರವೇ ಬೇಕಂತೆ. ರೇಷನ್ ಕಾರ್ಡ್ ತಿದ್ದೋಣ ಅಂದರೆ ತಿದ್ದುಪಡಿಯ ಸರ್ವರ್ ತೆರೆದಿರಲಿಲ್ಲ. ಕೊನೆಗೆ ಮದುವೆ ನೋಂದಣಿಯ ನಕಲು ತೆಗೆಸಿ ಆಧಾರ್ ತಿದ್ದಿಸಿದೆವು. ಅಷ್ಟರಲ್ಲಿ ಮೊದಲ ಕೀಮೋದ ದುಡ್ಡು ನಮ್ಮ ಕೈಯಿಂದಲೇ ಹೋಗಿತ್ತು. ನಮ್ಮ ಕ್ರಿಶ್ಚಿಯನ್ ಹೆಂಗಸರಲ್ಲಿ ಬಹಳ ಜನರ ಕಾಗದ ಹೀಗೇ ಇರುತ್ತದೆ. ಆರೋಗ್ಯವಾಗಿರುವಾಗಲೇ ಒಮ್ಮೆ ನೋಡಿಕೊಳ್ಳಿ.

ಸುದ್ದಿ ನಮ್ಮ ವಾಡೆಯಲ್ಲಿ, ಅಂದರೆ ಕೇರಿಯಲ್ಲಿ, ಹರಡಿದ ಮೇಲೆ ಮನೆಗೆ ಬರುವವರು ಜಾಸ್ತಿಯಾದರು. ಹೆಚ್ಚಿನವರು ಒಳ್ಳೆಯವರು. ಆದರೆ ಕೆಲವರು ಕೂತು ಚಹಾ ಕುಡಿದು ಹೇಳಿದ ಮಾತು ಕೀಮೋಗಿಂತ ಕಹಿ. ಮನೆಯಲ್ಲಿ ಯಾರಾದರೂ ಹರಕೆ ತಪ್ಪಿಸಿದ್ದೀರಾ ಅಂತ ಒಬ್ಬರು. ಯಾವ ಪಾಪಕ್ಕೆ ಅಂತ ಯೋಚಿಸು ಅಂತ ಇನ್ನೊಬ್ಬರು. ದೂರದ ಸಂಬಂಧಿಯೊಬ್ಬಳು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದಳು. ಹಾಡು ಚೆನ್ನಾಗಿತ್ತು, ನನಗೂ ಅಳು ಬಂತು, ಮನಸ್ಸು ಹಗುರವಾಯಿತು. ಕೊನೆಗೆ ಅಲ್ಲಿ ಮುಂದೆ ನಿಂತಿದ್ದವರು ನನ್ನ ತಲೆ ಮೇಲೆ ಕೈಯಿಟ್ಟು "ಗುಣವಾಯಿತು, ಇನ್ನು ಆಸ್ಪತ್ರೆಗೆ ಹೋದರೆ ದೇವರನ್ನು ನಂಬಲಿಲ್ಲ ಅಂತಾಗುತ್ತದೆ" ಅಂದುಬಿಟ್ಟರು.

ಮೂರು ರಾತ್ರಿ ನಿದ್ದೆ ಬರಲಿಲ್ಲ. ಕೀಮೋದ ಭಯ ಎಷ್ಟಿತ್ತು ಅಂದರೆ ಆ ಮಾತು ನಿಜವಾಗಿದ್ದರೆ ಸಾಕಪ್ಪ ಅನಿಸುತ್ತಿತ್ತು. ಕೊನೆಗೆ ನಮ್ಮ ಫಾದರ್ ಹತ್ತಿರ ಹೋದೆ. ಅವರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಬೈಬಲ್ ತೆಗೆದು ಸಿರಾಕನ ಗ್ರಂಥದ 38ನೇ ಅಧ್ಯಾಯ ತೋರಿಸಿ ಓದಲು ಹೇಳಿದರು. ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದು, ಮದ್ದನ್ನು ಮಣ್ಣಿನಿಂದ ಹುಟ್ಟಿಸಿದವನೂ ಅವನೇ, ಬುದ್ಧಿವಂತ ಅದನ್ನು ತಾತ್ಸಾರ ಮಾಡುವುದಿಲ್ಲ ಅನ್ನುವ ಅರ್ಥದ ಮಾತು ಅಲ್ಲಿದೆ. ಆಮೇಲೆ ಯೆಶಾಯನ 38ನೇ ಅಧ್ಯಾಯ. ಹಿಜ್ಕೀಯ ರಾಜ ಸಾಯುವ ಹಾಗಾದಾಗ ಅತ್ತು ಪ್ರಾರ್ಥಿಸುತ್ತಾನೆ, ದೇವರು ಇನ್ನೂ 15 ವರ್ಷ ಕೊಡುತ್ತಾನೆ. ಆದರೂ ಪ್ರವಾದಿ ಅವನ ಹುಣ್ಣಿಗೆ ಅಂಜೂರದ ಹಣ್ಣು ಅರೆದು ಕಟ್ಟಿಸುತ್ತಾನೆ. "ಪ್ರಾರ್ಥನೆ ಕೇಳಿದ ಮೇಲೂ ಮದ್ದು ಬಿಡಲಿಲ್ಲ ನೋಡಮ್ಮ" ಅಂದರು ಫಾದರ್. ಅಷ್ಟೇ. ಮರುದಿನ ತಂಗಿಗೆ ಫೋನ್ ಮಾಡಿ ಬರುತ್ತೇನೆ ಅಂದೆ.

ಹೋಗುವ ಮೊದಲು ಫಾದರ್ ಅಭ್ಯಂಗ ಕೊಡುತ್ತೇನೆ ಅಂದರು, ಅಂದರೆ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ. ಅತ್ತೆ ಗಾಬರಿಯಾಗಿ ಅತ್ತೇಬಿಟ್ಟರು. ಹಳೆಯವರಿಗೆ ಅದು ಸಾಯುವವರಿಗೆ ಕೊಡುವ ಸಂಸ್ಕಾರ. ನಮ್ಮ ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದು ಕೊನೆಯುಸಿರಿನವರಿಗೆ ಮಾತ್ರ ಅಲ್ಲ, ಗಂಭೀರ ಕಾಯಿಲೆ ಶುರುವಾದವರಿಗೂ ಅಂತ ಹೇಳಿತು. ದೊಡ್ಡ ಆಪರೇಷನ್‌ಗೆ ಮೊದಲೂ ಪಡೆಯಬಹುದು, ಕಾಯಿಲೆ ಜೋರಾದರೆ ಮತ್ತೆ ಪಡೆಯಬಹುದು. ಪವಿತ್ರ ವಾರದಲ್ಲಿ ಬಿಷಪರು ಆಶೀರ್ವದಿಸಿ ಕೊಟ್ಟ ಎಣ್ಣೆ ಅದು. ಹಣೆಗೆ ಮತ್ತು ಎರಡೂ ಅಂಗೈಗೆ ಹಚ್ಚಿದರು. ಅಷ್ಟು ಸಣ್ಣ ಕೆಲಸ. ಏನೂ ಪವಾಡ ಅನಿಸಲಿಲ್ಲ, ಮೈ ಜುಮ್ ಅನ್ನಲಿಲ್ಲ. ಆದರೆ ಎಣ್ಣೆಯ ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡೆ, ಅವರು ಅಳು ನಿಲ್ಲಿಸಿದರು.

ಕೀಮೋ ಮೂರು ವಾರಕ್ಕೊಮ್ಮೆ. ಮೊದಲ ಹಂತದಲ್ಲಿ ಕೊಡುವ ಒಂದು ಔಷಧಿ ಕೋಕಂ ಶರಬತ್ತಿನ ಬಣ್ಣದ್ದು. ಸಿರಿಂಜ್‌ನಲ್ಲಿ ನಿಧಾನಕ್ಕೆ ಹಾಕುತ್ತಾರೆ. ಆಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತದೆ, ಹೆದರಬೇಡಿ, ರಕ್ತ ಅಲ್ಲ. ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರುವಾಗುತ್ತದೆ. ನಾನು ಕಾಯಲಿಲ್ಲ, ಮಗನ ಟ್ರಿಮ್ಮರ್‌ನಲ್ಲೇ ತೆಗೆಸಿಕೊಂಡೆ. ಇಗರ್ಜಿಯಲ್ಲಿ ಹೇಗೂ ತಲೆ ಮೇಲೆ ಸೆರಗು, ಗೊತ್ತಾಗಲಿಲ್ಲ.

ಕಷ್ಟ ಆಗಿದ್ದು ವಾಸನೆ. ಕಾರವಾರದಲ್ಲಿ ಹುಟ್ಟಿ ಬೆಳೆದವಳಿಗೆ ಮೀನಿನ ವಾಸನೆ ಆಗುವುದಿಲ್ಲ ಅಂದರೆ ನೋಡಿ. ಪಕ್ಕದ ಮನೆಯಲ್ಲಿ ಬಂಗಡೆ ಹುರಿದರೆ ಹೊಟ್ಟೆ ತೊಳಸಿ ಬರುತ್ತಿತ್ತು. ನಮ್ಮವರು ಗಾಡಿಯಿಂದ ಬಂದವರು ಬಾವಿಕಟ್ಟೆಯಲ್ಲೇ ಸ್ನಾನ ಮಾಡಿ, ಬಟ್ಟೆ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು. ಸ್ಟೀಲ್ ಚಮಚದಲ್ಲಿ ತಿಂದರೆ ಬಾಯೆಲ್ಲ ಕಬ್ಬಿಣ. ಪ್ಲಾಸ್ಟಿಕ್ ಚಮಚ, ತಣ್ಣಗಿನ ಗಂಜಿ, ಸ್ವಲ್ಪ ಕೋಕಂ ಹುಳಿಯ ಸೋಲ್ ಕಡಿ, ಇಷ್ಟರಲ್ಲೇ ದಿನ ಕಳೆದೆ. ಬಾಯಿ ಹುಣ್ಣಾದ ಮೇಲೆ ಸೋಲ್ ಕಡಿಯೂ ಉರಿ.

ಮರೆಯಬಾರದ ಒಂದು ವಿಷಯ ಜ್ವರ. 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಅದೇ ಕಾರಣಕ್ಕೆ ಭಾನುವಾರದ ಪೂಜೆಗೂ ಹೋಗಬೇಡಿ ಅಂದರು ಡಾಕ್ಟರ್, ಜನಜಂಗುಳಿ ಬೇಡ ಅಂತ. ಕಾಯಿಲೆಯವರಿಗೆ ಭಾನುವಾರದ ಕಟ್ಟುಪಾಡಿಲ್ಲ, ಉಪವಾಸವೂ ಇಲ್ಲ. ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಬಾರದು ಅನ್ನುವ ನಿಯಮ ಕೂಡ ರೋಗಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಔಷಧಿಯನ್ನೇ ಮುಂದೂಡುವ ಅಜ್ಜಿಯರನ್ನು ನೋಡಿದ್ದೇನೆ. ಕನ್ಯಾಸ್ತ್ರೀಯೊಬ್ಬರು ಮನೆಗೇ ಪರಮಪ್ರಸಾದ ತರುತ್ತಿದ್ದರು. ಬಾಯಿ ತೆರೆಯಲು ಆಗದ ವಾರ ಒಂದು ಅಕ್ಕಿಕಾಳಿನಷ್ಟು ಮುರಿದು ಒಂದು ಗುಟುಕು ನೀರಿನ ಜೊತೆ ಕೊಟ್ಟರು. ಅಷ್ಟೇ ಸಾಕು, ಚೂರಿನಲ್ಲೂ ಪೂರ್ತಿ ಯೇಸುವೇ ಇರುವುದು ಅಂದರು.

ಜುಲೈ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟ್‌ಗಳು ಬಂದರಿನಲ್ಲೇ. ಗಾಡಿಗೆ ಬಾಡಿಗೆ ಇಲ್ಲ. ಮಗನ ಕಾಲೇಜ್ ಫೀಸು ಬಾಕಿ. ಸರ ಬ್ಯಾಂಕಿಗೆ ಹೋಗಿತ್ತು. ಅದರ ನಡುವೆ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅದರೊಳಗಿದ್ದವರು, ನಿಲ್ಲಿಸಿದ್ದ ಗಾಡಿಗಳು, ಎಲ್ಲ ಗಂಗಾವಳಿ ನದಿಗೆ. ಕೇರಳದ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಆ ಅಂಗಡಿಯಲ್ಲಿ ನಮ್ಮವರು ಎಷ್ಟೋ ಸಲ ಚಹಾ ಕುಡಿದಿದ್ದಾರೆ. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ.

ನನಗೆ ಪಾಪದ ಲೆಕ್ಕ ಹೇಳಿಹೋದವರೆಲ್ಲ ನೆನಪಾದರು. ಗುಡ್ಡದ ಕೆಳಗೆ ಸಿಕ್ಕವರದ್ದು ಯಾವ ಪಾಪ? ಲೂಕನ ಸುವಾರ್ತೆ 13ನೇ ಅಧ್ಯಾಯದಲ್ಲಿ ಯೇಸು ಇದೇ ಮಾತು ಎತ್ತುತ್ತಾರೆ. ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಅಂತ ಕೇಳಿ, ಇಲ್ಲ ಅಂತ ತಾವೇ ಉತ್ತರ ಕೊಡುತ್ತಾರೆ. ಯಾಕೆ ಬಿತ್ತು ಅಂತ ಮಾತ್ರ ಹೇಳುವುದಿಲ್ಲ. ಆ "ಇಲ್ಲ" ನನಗೆ ಬೇಕಾಗಿತ್ತು. ಆಮೇಲೆ ಪಾಪದ ಮಾತು ತೆಗೆದವರಿಗೆ ಆ ಪುಟ ತೆಗೆದು ಕೈಗೆ ಕೊಡುತ್ತಿದ್ದೆ. ಎರಡನೇ ಸಲ ಯಾರೂ ಮಾತು ತೆಗೆಯಲಿಲ್ಲ.

ರಸ್ತೆ ಬಂದ್ ಆದ್ದರಿಂದ ಮುಂದಿನ ಕೀಮೋಗೆ ರೈಲೇ ಗತಿ. ಶಿರವಾಡದ ಸ್ಟೇಷನ್‌ನಲ್ಲಿ ಮಳೆಯಲ್ಲಿ ನಿಂತೆವು. ಅವತ್ತು ಬೆಂಚಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು, ತಾವೂ ಕೀಮೋಗೆ ಹೊರಟವರು, ಒಂದು ಮಾಹಿತಿ ಕೊಟ್ಟರು. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿ ಬರಲು ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿ ಪೂರ್ತಿ ಉಚಿತ. ಜೊತೆಗೆ ಬರುವ ಒಬ್ಬರಿಗೆ 75 ಶೇಕಡಾ ರಿಯಾಯಿತಿ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟ್ ಬರೆಸಿ, ಸಹಿ ಸೀಲು ಹಾಕಿಸಿ, ಕೌಂಟರಿನಲ್ಲಿ ಟಿಕೆಟ್ ಮಾಡಿಸಬೇಕು. ಅಷ್ಟು ದಿನ ಆಸ್ಪತ್ರೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಕೇಳಿದ ಮೇಲೆ ಹತ್ತು ನಿಮಿಷದಲ್ಲಿ ಕೊಟ್ಟರು.

ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ನನ್ನ ತವರು ಸದಾಶಿವಗಡದ ಕಡೆ. ಅಮ್ಮ ಫೋನ್‌ನಲ್ಲಿ ಅಳುತ್ತಿದ್ದಳು, ನಾಳೆ ನಿನಗೆ ಗಂಜಿ ತರಲಿಕ್ಕಾಗುವುದಿಲ್ಲವೇನೋ ಅಂತ. ಅಷ್ಟು ಹೊತ್ತಿಗೆ ನನಗೆ ಯಾವುದಕ್ಕೂ ಏನೂ ಅನಿಸುತ್ತಿರಲಿಲ್ಲ. ಪ್ರಾರ್ಥನೆ ಪೂರ್ತಿ ನಿಂತುಹೋಗಿತ್ತು. "ನಮೋ ಮರಿಯ" ಶುರು ಮಾಡಿದರೆ ಮಧ್ಯದಲ್ಲಿ ಮಾತು ಮರೆಯುತ್ತಿತ್ತು. ಕೀಮೋದಿಂದ ತಲೆ ಮಂಕಾಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಆದರೆ ಅದಷ್ಟೇ ಅಲ್ಲ, ನನಗೆ ಸಿಟ್ಟೂ ಇತ್ತು. ಗೋಡೆಯ ಪವಿತ್ರ ಹೃದಯದ ಪಟದ ಕಡೆ ಬೆನ್ನು ಹಾಕಿ ಮಲಗುತ್ತಿದ್ದೆ.

ಇದನ್ನು ಪಾಪನಿವೇದನೆಯಲ್ಲಿ ಹೇಳಿದೆ. ಫಾದರ್ 88ನೇ ಕೀರ್ತನೆ ಓದು ಅಂದರು. ಗೋಳಿಡುವ ಬೇರೆ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಗೆಳೆಯರನ್ನು ದೂರ ಮಾಡಿದೆ ಅಂತ ದೇವರನ್ನೇ ದೂರಿ, ಕತ್ತಲೆಯ ಮಾತಿಗೇ ನಿಂತುಬಿಡುತ್ತದೆ. ಬೈಬಲಿನೊಳಗೇ ಇಂಥದ್ದೊಂದು ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಓದಿ ಸಮಾಧಾನ ಆಯಿತು ಅಂತ ಹೇಳಲಾರೆ. ಇಷ್ಟು ಸಿಟ್ಟು ಮಾಡಿಕೊಂಡವನೂ ಮಾತನ್ನು ಅವನ ಹತ್ತಿರವೇ ಆಡುತ್ತಿದ್ದಾನಲ್ಲ ಅನಿಸಿತು. ಅದು ನನಗೂ ಸಾಧ್ಯ ಇತ್ತು. ಆಮೇಲೆ ಪ್ರಾರ್ಥನೆ ಬದಲು ಬೈಗುಳ ಹೇಳಿದೆ, ಕೊಂಕಣಿಯಲ್ಲಿ, ದಿನಾ ರಾತ್ರಿ.

ಉಳಿದದ್ದನ್ನು ಬೇರೆಯವರು ನೋಡಿಕೊಂಡರು. ವಾಡೆಯ ಹೆಂಗಸರು ಸಂಜೆ ನಮ್ಮ ಅಂಗಳದಲ್ಲಿ ಕೂತು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಿದ್ದರು. ನಾನು ಒಳಗೆ ಮಲಗಿ ಕೇಳುತ್ತಿದ್ದೆ. ಉತ್ತರ ಕೊಡಲು ಆಗದಿದ್ದರೂ ಯಾರೂ ಬಾಗಿಲು ತಳ್ಳಿ ಕೇಳಲಿಲ್ಲ. ಪಕ್ಕದ ಮನೆಯ ಹರಿಕಂತ್ರ ಅಕ್ಕ ತೇರ್ಸ್ ಹೇಳುವವಳಲ್ಲ. ಅವಳು ಅದೇ ಹೊತ್ತಿಗೆ ಬಂದು ನನ್ನ ಪಾತ್ರೆ ತೊಳೆದು, "ನೀವು ನಿಮ್ಮ ದೇವರ ಕೆಲಸ ಮಾಡಿ, ನಾನು ಇದನ್ನ ಮಾಡ್ತೆ" ಅನ್ನುತ್ತಿದ್ದಳು. ನನ್ನ ಮಟ್ಟಿಗೆ ಹೇಳುವುದಾದರೆ ಆ ತಿಂಗಳುಗಳಲ್ಲಿ ನನ್ನ ವಿಶ್ವಾಸ ನನ್ನ ಹತ್ತಿರ ಇರಲಿಲ್ಲ, ಅಂಗಳದಲ್ಲಿತ್ತು. ಕಾಯಿಲೆಯವರಿಗೆ "ನೀನು ಜಾಸ್ತಿ ಪ್ರಾರ್ಥನೆ ಮಾಡು" ಅಂತ ಹೇಳಬೇಡಿ ದಯವಿಟ್ಟು. ಅವರ ಪಾಲಿನದನ್ನು ನೀವೇ ಮಾಡಿ, ಅವರಿಗೆ ಮಲಗಲು ಬಿಡಿ.

ಆಪರೇಷನ್ ಬಗ್ಗೆ ಬರೆಯಲು ಹೆಚ್ಚಿಲ್ಲ. ಡ್ರೈನ್ ಪೈಪು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಬಂದೆ. ಕಂಕುಳಿನ ಗ್ರಂಥಿ ತೆಗೆದಿದ್ದರಿಂದ ಆ ಕೈಗೆ ಇನ್ನು ಇಂಜೆಕ್ಷನ್, ಬಿಪಿ ಪಟ್ಟಿ ಬೇಡ ಅಂದಿದ್ದಾರೆ, ಬಾವಿಯಿಂದ ನೀರು ಸೇದುವುದೂ ಬೇಡ. ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ, ಕೈ ಊದಿಕೊಳ್ಳುತ್ತದೆ.

ರೇಡಿಯೇಷನ್‌ಗೆ ವಾರದಲ್ಲಿ ಐದು ದಿನ ಹೋಗಬೇಕು, ಹಾಗಾಗಿ ತಂಗಿ ಮನೆಯಲ್ಲೇ ಉಳಿದೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಹೊರಗೆ ಕಾಯುವುದು ಗಂಟೆಗಟ್ಟಲೆ. ಕುತ್ತಿಗೆಯ ಸರ, ಶಿಲುಬೆ ತೆಗೆದಿಡಬೇಕು. ಎದೆಯ ಮೇಲೆ ಮಾರ್ಕರ್ ಪೆನ್ನಿನಿಂದ ಪ್ಲಸ್ ಗುರುತು ಹಾಕುತ್ತಾರೆ. ಅಳಿಸದ ಹಾಗೆ ನೋಡಿಕೊಳ್ಳಿ, ಸೋಪು ಹಚ್ಚಬೇಡಿ ಅಂದಳು ಟೆಕ್ನಿಷಿಯನ್ ಹುಡುಗಿ. ಅತ್ತೆ ಅದನ್ನು ನೋಡಿ ಶಿಲುಬೆ ಹಾಕಿದ್ದಾರೆ ಅಂತ ಖುಷಿಪಟ್ಟರು. ನಾನು ತಿದ್ದಲು ಹೋಗಲಿಲ್ಲ. ಫೆಬ್ರವರಿ 11 ಲೂರ್ದ್ ಮಾತೆಯ ಹಬ್ಬ, ರೋಗಿಗಳ ದಿನ. 2025ರಲ್ಲಿ ಅದಾದ ಮೂರೇ ದಿನಕ್ಕೆ ಪೋಪ್ ಫ್ರಾನ್ಸಿಸ್ ಕೂಡ ಆಸ್ಪತ್ರೆ ಸೇರಿದರು. ಕಾಯುವ ಹಾಲ್‌ನಲ್ಲಿ ನಾವು ನಾಲ್ಕೈದು ಕ್ರಿಶ್ಚಿಯನ್ ಹೆಂಗಸರು ದಿನಾ ಅವರ ಸುದ್ದಿ ನೋಡುತ್ತಿದ್ದೆವು. ನಮ್ಮದನ್ನು ಬಿಟ್ಟು ಬೇರೆಯವರಿಗೆ ಪ್ರಾರ್ಥಿಸಲು ನನಗೆ ಆದದ್ದು ಆಗಲೇ. ಒಂದು ತೇರ್ಸ್ ಪೂರ್ತಿ ಹೇಳಿದೆ, ತಪ್ಪಿಲ್ಲದೆ. ಅವರು ಏಪ್ರಿಲ್ 21ರಂದು, ಈಸ್ಟರ್ ಮರುದಿನ, ತೀರಿಕೊಂಡರು.

ದುಡ್ಡಿನ ಮಾತು. ಕಾರ್ಡ್ ಇದ್ದರೂ ಎಲ್ಲ ಉಚಿತ ಅಲ್ಲ. ಮೊದಲ ಪರೀಕ್ಷೆಗಳು, ಓಡಾಟ, ರಕ್ತಕಣ ಏರಿಸುವ ಕೆಲವು ಇಂಜೆಕ್ಷನ್, ಮನೆ ಖರ್ಚು, ಹೋದ ದುಡಿಮೆ, ಎಲ್ಲ ಸೇರಿ ನಮಗೆ ಎರಡು ಲಕ್ಷಕ್ಕೂ ಮಿಕ್ಕಿ ಆಯಿತು. ಎಷ್ಟೋ ಇಗರ್ಜಿಗಳಲ್ಲಿ ಕಷ್ಟದಲ್ಲಿದ್ದವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇರುತ್ತದೆ. ಕೇಳಲು ನಾಚಿಕೆಯಾಗುತ್ತದೆ ನಿಜ, ಆದರೂ ಕೇಳಿ. ಅವರು ಇರುವುದೇ ಅದಕ್ಕೆ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಶಾಸಕರ ಕಚೇರಿಯ ಮೂಲಕ ಅರ್ಜಿ ಹಾಕಬಹುದು. ಮೂಲ ಬಿಲ್ಲು ಒಂದನ್ನೂ ಕಳೆಯಬೇಡಿ.

ಈಗ ದಿನಕ್ಕೊಂದು ಟಮಾಕ್ಸಿಫೆನ್ ಮಾತ್ರೆ, ಐದು ವರ್ಷ ಅಂದಿದ್ದಾರೆ. ಮೈ ಬಿಸಿಯಾಗಿ ಬೆವರು ಬರುತ್ತದೆ, ಕೀಲು ನೋವೂ ಇದೆ. ಸರ ಇನ್ನೂ ಬ್ಯಾಂಕಿನಲ್ಲೇ ಇದೆ. ಭಾನುವಾರ ಪೂಜೆಗೆ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ, ಫ್ಯಾನ್ ಕೆಳಗೆ. ಯಾಕೆ ನನಗೇ ಅಂತ ಕೇಳಿದ್ದಕ್ಕೆ ಉತ್ತರ ಸಿಕ್ಕಿಲ್ಲ, ಕೇಳುವುದನ್ನೂ ಬಿಟ್ಟಿಲ್ಲ. ವಾಡೆಯ ಆಚೆ ತುದಿಯಲ್ಲಿ ಇನ್ನೊಬ್ಬಳಿಗೆ ಕೀಮೋ ಶುರುವಾಗಿದೆ. ಸಂಜೆಯ ತೇರ್ಸ್ ಈಗ ಅವರ ಅಂಗಳದಲ್ಲಿ. ನಾನು ಕುರ್ಚಿ ಒಯ್ಯುತ್ತೇನೆ, ನೆಲಕ್ಕೆ ಕೂರಲು ಮಂಡಿ ಬಿಡುವುದಿಲ್ಲ.